‘ನಮಗ್ಯಾಕೆ ಬೇಕು’ ಎನ್ನುವವರಿಂದ ಒಂದು ಸಾಲು

ಬೆಂಗಳೂರಿನ ಸಿಗ್ನಲ್ಲಿನಲ್ಲಿ ಎರಡು ಕಾರು ತಾಗಿದರೆ ನಿಮಿಷದೊಳಗೆ ಹತ್ತು ಜನ ಸೇರುತ್ತಾರೆ. ತಪ್ಪು ಯಾರದೆಂದು ಹತ್ತೂ ಜನ ಹೇಳುತ್ತಾರೆ. ಹೆಸರು, ಫೋನ್ ನಂಬರ್ ಕೊಡಿ ಅಂದ ಕೂಡಲೇ ಗುಂಪು ಕರಗುತ್ತದೆ. ಇಂಗ್ಲೆಂಡಿನಲ್ಲಿ ಗುಂಪೇ ಸೇರುವುದಿಲ್ಲ. ಹಿಂದಿನ ಕಾರಿನವರು ಗಾಜಿಳಿಸಿ ಯಾರಿಗೂ ಏನೂ ಆಗಿಲ್ಲ ತಾನೇ ಎಂದು ಕೇಳಿ, ಇಲ್ಲ ಅನ್ನಿಸಿಕೊಂಡು ಹೊರಟುಬಿಡುತ್ತಾರೆ. ಎರಡೂ ಕಡೆ ಸಾಕ್ಷಿ ಕೈತಪ್ಪುತ್ತದೆ, ಆದರೆ ಕಾರಣ ಬೇರೆ. ಇಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದ ನಮ್ಮವರು ಆ ವ್ಯತ್ಯಾಸ ಗಮನಿಸದೆ ಊರಿನ ಅಂಜಿಕೆಯನ್ನೇ ಇಲ್ಲಿಯೂ ಹೊತ್ತುಕೊಂಡು ನಷ್ಟ ಮಾಡಿಕೊಳ್ಳುತ್ತಿದ್ದಾರೆ ಎಂಬುದು ನನ್ನ ಅನಿಸಿಕೆ.

ಕರ್ನಾಟಕದಲ್ಲಿ ಬಂಪರ್ ಒಡೆದಷ್ಟಕ್ಕೆ ಸಾಕ್ಷಿ ಬೇಕಾಗುವುದೇ ಅಪರೂಪ. ಸ್ಥಳದಲ್ಲೇ ಮಾತಾಡಿ ದುಡ್ಡು ಕೊಟ್ಟು ಮುಗಿಸುತ್ತಾರೆ, ಇಲ್ಲವೇ ಅವರವರು ತಮ್ಮ ಪಾಲಿಸಿಯಲ್ಲೇ ಓನ್ ಡ್ಯಾಮೇಜ್ ಕ್ಲೇಮ್ ಹಾಕುತ್ತಾರೆ. ಸರ್ವೇಯರ್ ನೋಡುವುದು ಡೆಂಟನ್ನು. ಸಣ್ಣ ಡಿಕ್ಕಿಯಲ್ಲಿ ತಪ್ಪು ಯಾರದೆಂಬುದು ಹಣಕ್ಕೆ ಅಡ್ಡ ಬರುವುದಿಲ್ಲ. ಹೋಗುವುದು ಮುಖ್ಯವಾಗಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ, 20ರಿಂದ 50 ಪರ್ಸೆಂಟಿನವರೆಗೆ ಬೆಳೆಯುವ ರಿಯಾಯಿತಿ. ಎದುರಿನವರ ವಿಮೆಯಿಂದ ವಸೂಲಿ ಮಾಡಬೇಕೆಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, ಒಂದು ಡೆಂಟಿಗಾಗಿ ಅಲ್ಲಿಗೆ ಯಾರೂ ಹೋಗುವುದಿಲ್ಲ. ಸಾಕ್ಷಿಯ ಮಾತು ಬರುವುದು ಯಾರಿಗಾದರೂ ಪೆಟ್ಟಾದಾಗ. ಆಗ ಎಫ್‌ಐಆರ್, ಮಹಜರು, ವರ್ಷಗಳ ಮೇಲೆ ಬರುವ ಸಮನ್ಸು, ವಕೀಲರ ಪಾಟೀಸವಾಲು ಎಲ್ಲ ಒಟ್ಟಿಗೇ ಬರುತ್ತವೆ. ಹಾಗಾಗಿ ನಮ್ಮ ಜನಕ್ಕೆ ಸಾಕ್ಷಿ ಎಂದರೆ ಸ್ಟೇಷನ್ನು ಮತ್ತು ಕೋರ್ಟು. ಅವರು ಅಂಜುವುದರಲ್ಲಿ ತಪ್ಪೇನೂ ಇಲ್ಲ.

ಇಂಗ್ಲೆಂಡಿನಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ತಪ್ಪು ಮಾಡಿದವರ ವಿಮಾ ಕಂಪನಿಯೇ ಇನ್ನೊಬ್ಬರ ಖರ್ಚು ಕೊಡಬೇಕು. ಆದ್ದರಿಂದ ಸಣ್ಣ ಗೀರಿಗೂ ತಪ್ಪು ಯಾರದೆಂದು ತೀರ್ಮಾನವಾಗಬೇಕು. ರೌಂಡ್‌ಅಬೌಟಿನಲ್ಲಿ ಲೇನ್ ಬದಲಿಸಿದ್ದು ಯಾರು, ಸೂಪರ್‌ಮಾರ್ಕೆಟ್ ಕಾರ್ ಪಾರ್ಕಿನಲ್ಲಿ ರಿವರ್ಸ್ ತೆಗೆಯುತ್ತಿದ್ದದ್ದು ಒಂದೇ ಕಾರೋ ಎರಡೂ ಕಾರೋ ಎಂಬುದು ಡೆಂಟ್ ನೋಡಿ ಗೊತ್ತಾಗುವುದಿಲ್ಲ. ಇಬ್ಬರೂ ತಮ್ಮದೇ ಸರಿ ಅಂದರೆ, ಮಧ್ಯೆ ಯಾರೂ ಇಲ್ಲದಿದ್ದರೆ, ಕಂಪನಿಗಳು ಹೆಚ್ಚಾಗಿ ತಪ್ಪು ಅರ್ಧರ್ಧ ಎಂದು ಮುಗಿಸುತ್ತವೆ. ಮುಂದಿನ ವರ್ಷ ಇಬ್ಬರ ಪ್ರೀಮಿಯಮ್ಮೂ ಏರಬಹುದು. ಜೊತೆಗಿದ್ದ ಹೆಂಡತಿ, ಗೆಳೆಯ ಹೇಳಿದ್ದನ್ನು ತಳ್ಳಿಹಾಕುವುದಿಲ್ಲವಾದರೂ ಅದಕ್ಕೆ ತೂಕ ಕಡಿಮೆ. ಗುರುತು ಪರಿಚಯವಿಲ್ಲದ ಒಬ್ಬರ ಒಂದು ಸಾಲು ತಕ್ಕಡಿಯನ್ನು ಪೂರ್ತಿ ಒಂದು ಕಡೆಗೆ ವಾಲಿಸಬಲ್ಲದು. ಆ ಒಬ್ಬರು ಪೊಲೀಸರನ್ನಾಗಲೀ ಜಡ್ಜನ್ನಾಗಲೀ ನೋಡುವ ಪ್ರಸಂಗ ಬಹುತೇಕ ಬರುವುದೇ ಇಲ್ಲ. ವಿಮಾ ಕಂಪನಿಯ ಒಂದು ಫಾರಂ, ಅದರಲ್ಲಿ ರಸ್ತೆಯ ಒಂದು ಚಿತ್ರ, ಹೆಚ್ಚೆಂದರೆ ಒಂದು ಫೋನ್ ಕರೆ.

ಡಿಕ್ಕಿಯಾದ ಚಾಲಕರು ನಿಲ್ಲಿಸಿ ಹೆಸರು, ವಿಳಾಸ, ವಾಹನದ ನಂಬರ್ ಕೊಡಬೇಕು. ಕೊಡಲಾಗದಿದ್ದರೆ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ ಇಲ್ಲಿನ 1988ರ ರೋಡ್ ಟ್ರಾಫಿಕ್ ಆಕ್ಟಿನ 170ನೇ ಸೆಕ್ಷನ್. ಆದರೆ ದಾರಿಯಲ್ಲಿ ನೋಡುತ್ತಾ ನಿಂತವರಿಗೆ ಇಂಥ ಕಟ್ಟುಪಾಡಿಲ್ಲ. ಅವರು ಹೊರಟರೆ ತಡೆಯುವ ಹಕ್ಕು ನಮಗಿಲ್ಲ, ಕೇಳಿಕೊಳ್ಳಬಹುದು ಅಷ್ಟೆ. ಕೇಳುವ ರೀತಿಯಲ್ಲೇ ಎಲ್ಲ ಇದೆ.

‘ನೀವು ನನಗೆ ಸಾಕ್ಷಿಯಾಗುತ್ತೀರಾ’ ಎಂದು ಶುರುಮಾಡಬಾರದು. ಎಷ್ಟು ದಿನ, ಯಾರ ಮುಂದೆ, ಎಷ್ಟು ಸಲ ಎಂಬುದು ತಿಳಿಯದ ಮನುಷ್ಯ ಇಲ್ಲ ಎನ್ನುವುದೇ ಸಹಜ. ‘ನೀವು ಏನು ನೋಡಿದಿರಿ? ಅದನ್ನೇ ಒಂದು ಸಾಲಿನಲ್ಲಿ ನನ್ನ ಫೋನಿಗೆ ಮೆಸೇಜ್ ಮಾಡುತ್ತೀರಾ?’ ಎಂದರೆ ಕೆಲಸ ಎಷ್ಟು ಚಿಕ್ಕದೆಂದು ಅವರಿಗೆ ತಿಳಿಯುತ್ತದೆ. ಅವರ ನಂಬರಿನಿಂದ, ಅವರದೇ ಮಾತಿನಲ್ಲಿ, ಆ ಕ್ಷಣದ ಸಮಯ ಬಿದ್ದ ಮೆಸೇಜು ಮೂರು ತಿಂಗಳ ನಂತರದ ಉದ್ದ ಪತ್ರಕ್ಕಿಂತ ಬೆಲೆಬಾಳುತ್ತದೆ. ಇಲ್ಲಿನ 1995ರ ಸಿವಿಲ್ ಎವಿಡೆನ್ಸ್ ಆಕ್ಟ್ ಪ್ರಕಾರ, ಕೋರ್ಟಿಗೆ ಬಾರದವರ ಹೇಳಿಕೆಯನ್ನೂ ಪರಿಗಣಿಸಬಹುದು. ಅದಕ್ಕೆ ತೂಕ ಕೊಡುವಾಗ ಘಟನೆಯ ಹೊತ್ತಿನಲ್ಲೇ ಹೇಳಿದ್ದೇ ಎಂಬುದನ್ನೂ ನೋಡುತ್ತಾರೆ.

ಪ್ರಶ್ನೆಯಲ್ಲೇ ಉತ್ತರ ಇಡಬಾರದು. ‘ಅವನು ರೆಡ್ ಜಂಪ್ ಮಾಡಿದ್ದು ನೋಡಿದಿರಿ ತಾನೇ?’ ಎಂದು ಕೇಳಿ ಹೌದು ಅನ್ನಿಸಿಕೊಂಡರೆ, ರೆಡ್ ಎಂದು ಮೊದಲು ಹೇಳಿದವರು ಯಾರು ಎಂಬ ಒಂದೇ ಮರುಪ್ರಶ್ನೆಗೆ ಅದು ಬಿದ್ದುಹೋಗುತ್ತದೆ. ಇನ್ನೊಂದು ಎಚ್ಚರ: ಹೆಚ್ಚಿನವರು ಸದ್ದು ಕೇಳಿ ತಿರುಗಿ ನೋಡಿರುತ್ತಾರೆ. ಕಾರುಗಳು ಎಲ್ಲಿ ನಿಂತಿದ್ದವೆಂದು ಅವರು ಹೇಳಬಲ್ಲರೇ ಹೊರತು ಡಿಕ್ಕಿ ಹೇಗಾಯಿತೆಂದಲ್ಲ. ‘ಸದ್ದಿಗೆ ಮೊದಲು ಕಣ್ಣು ಎಲ್ಲಿತ್ತು’ ಎಂದು ಆಗಲೇ ಕೇಳಿಕೊಂಡರೆ ಮುಂದೆ ಆಸೆ ಇಟ್ಟುಕೊಂಡು ಕೆಡುವುದು ತಪ್ಪುತ್ತದೆ.

ಯಾರನ್ನು ಕೇಳಬೇಕು? ಹತ್ತಿರ ನಿಂತವರಿಗಿಂತ ರಸ್ತೆಯತ್ತಲೇ ಕಣ್ಣಿಟ್ಟಿದ್ದವರನ್ನು. ಎದುರಿನ ಕಾರಿನ ಹಿಂದಿದ್ದ ಚಾಲಕ, ಅಡ್ಡರಸ್ತೆಯಿಂದ ಸೇರಲು ಕಾಯುತ್ತಿದ್ದವರು, ಬಸ್ ಡ್ರೈವರ್, ರಸ್ತೆ ದಾಟಲು ನಿಂತವರು. ಇವರಿಗಿರುವುದು ಎರಡೇ ನಿಮಿಷ. ಗಾಡಿಯ ಫೋಟೋ ಆಮೇಲೆ ತೆಗೆಯಬಹುದು, ಡೆಂಟ್ ಓಡಿಹೋಗುವುದಿಲ್ಲ. ಮೊದಲು ಹಜಾರ್ಡ್ ಲೈಟ್ ಹಾಕಿ, ಯಾರಿಗೂ ಪೆಟ್ಟಾಗಿಲ್ಲವೆಂದು ಖಚಿತಮಾಡಿಕೊಂಡು, ಅವರ ಬಳಿ ಹೋಗಬೇಕು. ಆದರೆ ಎದುರು ಪಾರ್ಟಿಯ ಕಿವಿಗೆ ಬೀಳುವಂತೆ ಅವರ ಹೆಸರು, ನಂಬರ್ ಕೇಳಬಾರದು. ಸಿಟ್ಟಾಗಿ ನಿಂತ ಇನ್ನೊಬ್ಬ ಚಾಲಕನ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ನಾಲ್ಕು ಹೆಜ್ಜೆ ಆಚೆ ಕರೆದು, ಮನೆ ವಿಳಾಸ ಬೇಡ, ಫೋನ್ ಅಥವಾ ಈಮೇಲ್ ಸಾಕು ಎನ್ನಬೇಕು. ಮುಂದೆ ಹೇಳಿಕೆ ಬರೆದುಕೊಟ್ಟರೆ ಅದರ ಪ್ರತಿ ಎದುರಿನವರಿಗೂ ಹೋಗಬಹುದು ಎಂಬುದನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಅದು ಗೊತ್ತಾದ ದಿನವೇ ಅವರು ಹಿಂದೆ ಸರಿಯುತ್ತಾರೆ.

ಹೆಸರು ಕೊಟ್ಟವರೂ ಎಷ್ಟೋ ಸಲ ಆಮೇಲೆ ಕಾಣೆಯಾಗುತ್ತಾರೆ. ಕಾರಣ ಹೆಚ್ಚಾಗಿ ಬಲು ಸಣ್ಣದು: ವಿಮಾ ಕಂಪನಿ ಗುರುತಿಲ್ಲದ ನಂಬರಿನಿಂದ ಕೆಲಸದ ಹೊತ್ತಿನಲ್ಲಿ ಕರೆ ಮಾಡುತ್ತದೆ, ಇವರು ಮೋಸದ ಕರೆ ಎಂದು ಎತ್ತುವುದಿಲ್ಲ. ಅಂದೇ ಸಂಜೆ ಒಂದು ಧನ್ಯವಾದದ ಮೆಸೇಜು ಹಾಕಿ ಕಂಪನಿಯ ಹೆಸರು, ಕ್ಲೇಮ್ ನಂಬರ್ ತಿಳಿಸಿ, ‘ಬೇಕಾದರೆ ಈಮೇಲಿನಲ್ಲೇ ಉತ್ತರಿಸಬಹುದು’ ಎಂದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ. ಕಂಪನಿಗೂ ಅವರ ಅನುಕೂಲದ ಹೊತ್ತನ್ನು ಹೇಳಬೇಕು. ಉತ್ತರ ಬಾರದಿದ್ದರೆ ವಾರ ಬಿಟ್ಟು ಒಮ್ಮೆ ನೆನಪಿಸಿ, ಇನ್ನೊಮ್ಮೆ ಕೇಳಿ, ಅಲ್ಲಿಗೆ ನಿಲ್ಲಿಸಬೇಕು. ಅವರ ಮನೆಬಾಗಿಲಿಗೆ ಹೋಗುವುದು, ದುಡ್ಡಿನ ಮಾತೆತ್ತುವುದು ಬೇಡವೇ ಬೇಡ. ದುಡ್ಡಿನ ಸುಳಿವು ಸಿಕ್ಕರೆ ಒಳ್ಳೆಯ ಹೇಳಿಕೆಯೂ ಹಾಳು.

ಮನುಷ್ಯರು ಒಲ್ಲೆನೆಂದರೆ ಕ್ಯಾಮೆರಾಗಳಿವೆ. ಅಂಗಡಿ, ಬಸ್ಸು, ಮನೆಬಾಗಿಲ ಬೆಲ್ಲು, ಹಿಂದಿನ ಕಾರಿನ ಡ್ಯಾಶ್‌ಕ್ಯಾಮ್. ದೃಶ್ಯ ಕೊಡಿ ಎಂದರೆ ಬೇರೆಯವರ ಮುಖವಿದೆ, ಕೊಡಲಾಗದು ಎನ್ನುತ್ತಾರೆ. ಅಳಿಸದೆ ಇಟ್ಟಿರಿ, ವಿಮಾ ಕಂಪನಿ ಕೇಳುತ್ತದೆ ಎಂದರೆ ಬಹಳಷ್ಟು ಮಂದಿ ಒಪ್ಪುತ್ತಾರೆ. ದಿನಾಂಕ, ಡಿಕ್ಕಿಗೆ ಹಿಂದುಮುಂದಿನ ಹತ್ತು ನಿಮಿಷ, ಕಾರುಗಳ ಬಣ್ಣ, ನಂಬರ್ ಇಷ್ಟನ್ನು ಬರೆದು ಒಂದೆರಡು ದಿನದೊಳಗೆ ಕೊಡಬೇಕು, ಹಳೆಯದರ ಮೇಲೆ ಹೊಸ ರೆಕಾರ್ಡಿಂಗ್ ತಾನಾಗಿ ಕೂರುತ್ತದೆ.

ಜಗಳ 10,000 ಪೌಂಡಿನೊಳಗಿನ ಸ್ಮಾಲ್ ಕ್ಲೇಮಾಗಿ ಕೋರ್ಟಿಗೆ ಹೋದರೆ ಎನ್20 ಎಂಬ ಫಾರಂ ಹಾಕಿ ಸಾಕ್ಷಿಗೆ ಸಮನ್ಸ್ ಕಳಿಸಬಹುದು. ವಿಚಾರಣೆಗೆ 7 ದಿನ ಮೊದಲಾದರೂ ಅದು ತಲುಪಿರಬೇಕು, ಜೊತೆಗೆ ಪ್ರಯಾಣದ ಖರ್ಚನ್ನೂ ಕಳೆದುಕೊಂಡ ಸಮಯದ ಪರಿಹಾರವನ್ನೂ ನೀಡಬೇಕು. ನನ್ನ ಅಭಿಪ್ರಾಯ ಕೇಳಿದರೆ, ಬರೆದ ಹೇಳಿಕೆ ಕೈಯಲ್ಲಿಲ್ಲದೆ ಇದಕ್ಕೆ ಕೈಹಾಕಬಾರದು. ಒಲ್ಲದ ಮನಸ್ಸಿನಿಂದ ಬಂದವರು ಏನು ಹೇಳುತ್ತಾರೋ ಗೊತ್ತಿಲ್ಲ, ‘ನೆನಪಿಲ್ಲ’ ಎಂದರೂ ನಮಗೇ ನಷ್ಟ.

ಕಾಗದದ ಮೇಲೆ ನೋಡಿದರೆ ನಮ್ಮ ದೇಶದ ನಿಯಮವೇ ಹೆಚ್ಚು ಕರುಣೆಯದು. ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲಿ ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2020ರ ಕೇಂದ್ರ ನಿಯಮದ ಪ್ರಕಾರ, ನೆರವಾದವರು ತಾವಾಗಿ ಸಾಕ್ಷಿ ಹೇಳಲು ಒಪ್ಪಿದರೆ ಅವರ ಮನೆಯಲ್ಲೋ ಕೆಲಸದ ಜಾಗದಲ್ಲೋ, ಸಾದಾ ಉಡುಪಿನ ಅಧಿಕಾರಿ, ಒಂದೇ ಸಲದಲ್ಲಿ ಹೇಳಿಕೆ ಪಡೆಯಬೇಕು; ಒಪ್ಪದಿದ್ದರೆ ಬಲವಂತವಿಲ್ಲ. ಆದರೆ ಇದು ಗಾಯಾಳುವಿಗೆ ಕೈಚಾಚಿದವರಿಗೆ. ಸುಮ್ಮನೆ ನಿಂತು ನೋಡಿದವರಿಗೆ, ಪೆಟ್ಟಿಲ್ಲದ ಡಿಕ್ಕಿಗೆ ಇದು ಒದಗುವುದಿಲ್ಲ. ಈ ಅನುಕೂಲವನ್ನು ಕಣ್ಣಾರೆ ಕಂಡು ಮುಂದೆ ಬರುವ ಎಲ್ಲರಿಗೂ ವಿಸ್ತರಿಸಬೇಕು ಎಂಬುದು ನನ್ನ ಒತ್ತಾಯ.

ಇನ್ನು ನಾವೇ ನೋಡಿದವರಾದಾಗ. ವೀಸಾಗೆ, ಪಿಆರ್‌ಗೆ (ಇಲ್ಲಿ ಕಾಯಂ ನೆಲೆಸುವ ಅನುಮತಿಗೆ) ತೊಂದರೆಯಾದೀತೆಂದು ಇಲ್ಲಿನ ಕನ್ನಡಿಗರು ಮುಖ ತಿರುಗಿಸಿ ಹೋಗುವುದುಂಟು. ಅರ್ಜಿಯಲ್ಲಿ ಕೇಳುವುದು ನಮ್ಮ ಮೇಲಿನ ಶಿಕ್ಷೆ, ದಂಡ, ನಮ್ಮ ವಿರುದ್ಧದ ತೀರ್ಪುಗಳನ್ನು. ಬೇರೆಯವರ ಡಿಕ್ಕಿಗೆ ಹೇಳಿಕೆ ಕೊಟ್ಟಿದ್ದು ಇದ್ಯಾವುದರಲ್ಲೂ ಬರುವುದಿಲ್ಲ. ಫಾರಂ ಕೈಗೆ ಬಂದರೆ ನಿಂತಿದ್ದ ಜಾಗ, ಕಂಡದ್ದು, ಕಾಣದ್ದು ಮೂರನ್ನೂ ಬರೆದು ಸಹಿ ಹಾಕಿ. ಸಿಗ್ನಲ್ಲಿನ ಬಣ್ಣ ಕಾಣಲಿಲ್ಲವಾದರೆ ‘ಕಾಣಲಿಲ್ಲ’ ಎಂದೇ ಬರೆಯಿರಿ. ವೇಗದ ಅಂದಾಜು ಕೇಳಿದರೆ, ಗೊತ್ತಿಲ್ಲದಿದ್ದಲ್ಲಿ ಆ ಜಾಗ ಖಾಲಿ ಬಿಡಿ. ಫಾರಮ್ಮಿನ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.