ಮೈಲುತುತ್ತದ ಬಣ್ಣ

ಮೂಡಿಗೆರೆಯ ತೋಟದಿಂದ ಬಂದಿದ್ದ ಮಾವನ ಜೀಪು ಚಿಕ್ಕಮಗಳೂರಿನ ಪೇಟೆ ನಡುವೆ ಕೈಕೊಟ್ಟಿತು. ಕ್ಲಚ್ ಹೋಗಿದೆ, ಎರಡು ಗಂಟೆ ಬೇಕು ಎಂದ ಗ್ಯಾರೇಜಿನ ಹುಡುಗ. ಗ್ಯಾರೇಜಿನ ಎರಡು ಗಂಟೆ ಎಷ್ಟು ಉದ್ದವೆಂದು ನಮಗೂ ಗೊತ್ತಿತ್ತು. ಎದುರಿನ ಸಭಾಂಗಣದಲ್ಲಿ ಚಿತ್ರಕಲಾ ಪ್ರದರ್ಶನವಿತ್ತು. ‘ಪ್ರವೇಶ ಉಚಿತ’ ಎಂಬುದನ್ನು ಓದಿದ್ದೇ ಮಾವ ಒಳಗೆ ನಡೆದರು.

ಕಲೆಯ ವಿಷಯದಲ್ಲಿ ಮಾವನಿಗೆ ಪಾಠ ಹೇಳುವುದು ನನ್ನ ಹಳೆಯ ಚಟ. ಅವರ ಪಡಸಾಲೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಪ್ರತಿಯೊಂದಿದೆ. ಬಂದವರಿಗೆಲ್ಲ ‘ರವಿವರ್ಮನದು’ ಎನ್ನುತ್ತಿದ್ದರು. ಅಲ್ಲ ಮಾವ, ಅದು ಹಲ್ದಣ್ಕರ್ ಬರೆದದ್ದು, ಮೂಲ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ, ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ. ರವಿವರ್ಮ 1906ರಲ್ಲೇ ತೀರಿಕೊಂಡರು, ಇದು 1940ರ ದಶಕದ್ದು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ್ದೆ. ಮಾವ ಸಮಾಧಾನದಿಂದ ಕೇಳಿ, “ಯಾರದಾದರೂ ಇರಲಿ, ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಹೇಗೆ ಕೆಂಪಗೆ ಹೊಳೆಯುತ್ತಿವೆ, ನೋಡಿದ್ದೀಯಾ?” ಎಂದಿದ್ದರು. ನೋಡಿರಲಿಲ್ಲ.

ಮೊದಲ ಚಿತ್ರದಲ್ಲಿ ಬಾಬಾ ಬುಡನ್ ಅಂಗೈ ಚಾಚಿ ನಿಂತಿದ್ದರು. ಅವರು ಅರಬ್ ನಾಡಿನಿಂದ ತಂದ ಕಾಫಿ ಬೀಜದ ಕಥೆ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಎಣಿಸಿ ಮುಗಿಸಿದ್ದರು. “ಅವರು ತಂದದ್ದು ಏಳು ಬೀಜ. ಇಲ್ಲಿ ಒಂಬತ್ತಿವೆ.”

ಎರಡನೆಯದರಲ್ಲಿ ಕಾಫಿ ಗಿಡದ ರೆಂಬೆ. ಬಿಳಿಯ ಹೂವೂ ಕೆಂಪು ಹಣ್ಣೂ ಒಟ್ಟಿಗೆ. ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಹೂವು, ಆಮೇಲೆ ಹಣ್ಣಿಗೆ ತಿಂಗಳುಗಟ್ಟಲೆ ಕಾಯಬೇಕು. ಇವನು ಯಾವ ತೋಟ ನೋಡಿ ಬರೆದ ಎಂದು ಮಾವ ಗುಡುಗಿದರು. ಮರುಕ್ಷಣವೇ ಮೆತ್ತಗಾದರು. ಜನವರಿಯಲ್ಲಿ ಅಕಾಲದ ಮಳೆ ಸುರಿದು, ರೊಬಸ್ಟಾ ಹಣ್ಣು ಕೊಯ್ಯುವ ಮೊದಲೇ ಹೂವು ಅರಳಿ ಅವರು ಪಟ್ಟ ಪಾಡು ನೆನಪಾಗಿತ್ತು. “ಪಾಪ, ಇವನೂ ಬೆಳೆಗಾರನೇ ಇರಬೇಕು.”

ಮುಂದಿನದು ಗೋಡೆಯಗಲದ ನೀಲಿ. ಬರೀ ನೀಲಿ. ನಾನು ಕೈಕಟ್ಟಿ, ತಲೆ ವಾರೆ ಮಾಡಿ, “ಇದು ಅನಂತದ ಅನುಭವ” ಎಂದೆ. ಮಾವ ಮೂಸಿದಂತೆ ಮಾಡಿ, “ಮೈಲುತುತ್ತ ಹೆಚ್ಚಾಗಿದೆ, ಸುಣ್ಣ ಸಾಲದು. ಹೀಗೆ ಸಿಂಪಡಿಸಿದರೆ ಎಲೆ ಸುಟ್ಟುಹೋಗುತ್ತದೆ” ಎಂದರು. ಅನಂತವು ಬೋರ್ಡೋ ದ್ರಾವಣದ ಡ್ರಮ್ಮಿನೊಳಗೆ ಬಿದ್ದ ಮೇಲೆ ಅದನ್ನು ಎತ್ತಲು ನನ್ನಿಂದ ಆಗಲಿಲ್ಲ.

ಎಡವಟ್ಟಾದದ್ದು ಕೊನೆಯ ಚಿತ್ರದ ಎದುರು. ಹಸಿರು ಹಿನ್ನೆಲೆ, ತುಂಬ ಕಿತ್ತಳೆ ಬಣ್ಣದ ಚುಕ್ಕೆಗಳು. ನಗರ ಜೀವನದ ಒಂಟಿತನವಿರಬಹುದೆಂದು ನಾನು ತಡಕಾಡುತ್ತಿದ್ದೆ. “ತುಕ್ಕು ರೋಗ!” ಎಂದರು ಮಾವ. ತೋಟದಲ್ಲಿ ಎಲೆ ಮಗುಚಿ, ಹೆಬ್ಬೆರಳಿನಿಂದ ಉಜ್ಜಿ ಪುಡಿ ನೋಡುವ ಐವತ್ತು ವರ್ಷದ ಅಭ್ಯಾಸ. ಕೈ ತಾನಾಗಿಯೇ ಹೋಯಿತು. ಬೆರಳು ಕಿತ್ತಳೆಯಾಯಿತು. “ನಾನು ಹೇಳಲಿಲ್ಲವೇ?” ಎಂದು ನನಗೇ ತೋರಿಸಿದರು.

ಎಣ್ಣೆ ಬಣ್ಣ ಒಣಗಲು ಎಷ್ಟೋ ದಿನ ಬೇಕೆಂಬುದು ನನಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ಕರವಸ್ತ್ರ ತೆಗೆದು ಒರೆಸಿದೆನಲ್ಲ, ಆ ಬುದ್ಧಿಗೆ ಏನು ಹೇಳಲಿ! ಹೆಬ್ಬೆರಳಗಲದ ಕಲೆ ಗೇಣುದ್ದ ಇಳಿಯಿತು. ಕಲಾವಿದರು ಬಂದದ್ದು ಆಗಲೇ. ಕರವಸ್ತ್ರ ನನ್ನ ಕೈಯಲ್ಲಿತ್ತು, ಮಾವನ ಕೈ ಬೆನ್ನ ಹಿಂದಿತ್ತು.

“ನಮ್ಮ ಹುಡುಗ, ಕಲೆ ಅಂದರೆ ಇವನಿಗೆ ಪ್ರಾಣ” ಎಂದರು ಮಾವ.

ನಾನು ಹತ್ತು ಸಲ ಕ್ಷಮೆ ಕೇಳಿದೆ. ಕಲಾವಿದರು ಏನೂ ಹೇಳದೆ ಬ್ರಷ್ ಹುಡುಕಲು ಹೋದರು. ಪ್ರಾಯಶ್ಚಿತ್ತಕ್ಕೆಂದು ಅಭಿಪ್ರಾಯದ ಪುಸ್ತಕದಲ್ಲಿ ಅರ್ಧ ಪುಟ ಹೊಗಳಿಕೆ ಬರೆದೆ. ಕೆಳಗೆ ಮಾವ ಒಂದೇ ಸಾಲು ಬರೆದರು: ‘ಗಿಡಗಳು ಚೆನ್ನಾಗಿವೆ. ನೆರಳು ಸಾಲದು.’ ಪುಸ್ತಕ ಸರಿಯದಂತೆ ಅವರು ಎಡಗೈ ಒತ್ತಿ ಹಿಡಿದಿದ್ದ ಜಾಗದಲ್ಲಿ, ನನ್ನ ಸಹಿಯ ಮೇಲೆಯೇ, ಕಿತ್ತಳೆ ಬಣ್ಣದ ಹೆಬ್ಬೆಟ್ಟು ಮೂಡಿತ್ತು.