‘ನಾಳೆ ನೋಡೋಣ’

ದನಕ್ಕೆ ಹೊಡೆಯುವವರನ್ನು ಕಂಡರೆ ನಮಗೆಲ್ಲ ಸಿಟ್ಟು ಬರುತ್ತದೆ. ವಿಡಿಯೋ ಹರಿದಾಡುತ್ತದೆ, ಬೈಯುತ್ತೇವೆ, ಶೇರ್ ಮಾಡುತ್ತೇವೆ. ಆದರೆ ಲಾಭಕ್ಕೆಂದು ಸಾಕಿದ ಪ್ರಾಣಿಗೆ ಕಾಯಿಲೆ ಬಿದ್ದಾಗ ಅದು ಪಡುವ ಪಾಡಿನಲ್ಲಿ ದೊಣ್ಣೆಯ ಪಾಲು ಸಣ್ಣದು. ದೊಡ್ಡ ಪಾಲು ‘ನಾಳೆ ನೋಡೋಣ’ ಅನ್ನುವ ಮಾತಿನದು.

ಇದನ್ನು ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ನಾನೂ ಹಸು ಸಾಕಿದವನೇ. ಹಿಂಗಾಲು ಊರಲು ಹಿಂಜರಿಯುತ್ತಿದ್ದ ಹಸುವನ್ನು ಮೂರು ದಿನ ಸುಮ್ಮನೆ ನೋಡಿಕೊಂಡಿದ್ದೆ. ಹಾಲು ಕೊಡ್ತಿದೆಯಲ್ಲ, ಅಷ್ಟೇನಿಲ್ಲ ಬಿಡು ಅಂತ. ನಾಲ್ಕನೇ ದಿನ ಹಾಲು ಅರ್ಧಕ್ಕಿಳಿಯಿತು. ಆಗ ಡಾಕ್ಟರಿಗೆ ಫೋನು. ಗೊರಸಿನ ಸಂದಿಯಲ್ಲಿ ಕೀವು ತುಂಬಿತ್ತು. ಅದು ಕುಂಟಿದ್ದು ಮೂರೂ ದಿನ ಕಣ್ಣಿಗೆ ಬಿದ್ದಿತ್ತು; ಮನಸ್ಸಿಗೆ ಬಿದ್ದದ್ದು ಕ್ಯಾನಿನಲ್ಲಿ ಹಾಲು ಕಡಿಮೆಯಾದ ಮೇಲೆ.

ಹಸು ನೋವಾದರೆ ಕೂಗಾಡುವುದು ಕಡಿಮೆ. ಬೇಟೆಗೆ ಸಿಗುವ ಪ್ರಾಣಿಯ ವಂಶ ಅದು, ನೋವು ತೋರಿಸಿಕೊಂಡರೆ ಕೆಟ್ಟಿತು. ಮೆಲುಕು ನಿಲ್ಲಿಸುತ್ತದೆ, ಬೆನ್ನು ಗೂನು ಮಾಡಿ ನಿಲ್ಲುತ್ತದೆ, ಕಿವಿ ಜೋಲುತ್ತದೆ. ಅಷ್ಟೇ. ಪಕ್ಕದಲ್ಲಿ ನಿಂತು ನೋಡುವವರಿದ್ದರೆ ಗೊತ್ತಾಗುತ್ತದೆ. ನೂರಾರು ಹಸುಗಳಿಗೆ ಇಬ್ಬರು ಆಳುಗಳಿರುವ ಕಡೆ ಯಾರು ನಿಲ್ಲುತ್ತಾರೆ?

ಹಾಲುಜ್ವರವನ್ನೇ ತೆಗೆದುಕೊಳ್ಳಿ. ಹೆಸರಿನಲ್ಲಿ ಜ್ವರ ಇದ್ದರೂ ಮೈ ಬಿಸಿಯಾಗುವುದಿಲ್ಲ, ಕಿವಿಯೆಲ್ಲ ತಣ್ಣಗಾಗುತ್ತದೆ. ಕರು ಹಾಕಿದ ಹೊತ್ತಿನಲ್ಲಿ ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಹಾಲಿಗೆ ಇಳಿದು ಹಸು ಕುಸಿಯುತ್ತದೆ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಡುತ್ತದೆ. ಹೊತ್ತಿಗೆ ಸರಿಯಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ನಿಧಾನವಾಗಿ ಏರಿಸಿದರೆ ಎಷ್ಟೋ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ಮೇವಿಗೆ ಬಾಯಿ ಹಾಕುತ್ತವೆ. ತಡವಾದರೆ ಕತೆ ಬೇರೆ. ನಾಲ್ಕೈದು ಕ್ವಿಂಟಾಲ್ ತೂಕದ ಮೈ ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಅಡಿಯಲ್ಲಿ ಸಿಕ್ಕಿದ ಕಾಲಿನ ಮಾಂಸಖಂಡ, ನರ ಸಾಯತೊಡಗುತ್ತವೆ. ಆಮೇಲೆ ಕ್ಯಾಲ್ಸಿಯಂ ಸರಿಹೋದರೂ ಕಾಲು ಕೇಳುವುದಿಲ್ಲ. ದಪ್ಪಗೆ ಹುಲ್ಲು ಹಾಸಿ, ಕೆಲವು ಗಂಟೆಗೊಮ್ಮೆ ನಾಲ್ಕು ಜನ ಸೇರಿ ಮಗ್ಗುಲು ಬದಲಿಸಬೇಕು. ಮಾಡದಿದ್ದರೆ ಎಬ್ಬಿಸಬಹುದಾಗಿದ್ದ ಹಸು ಎರಡು ದಿನದಲ್ಲಿ ‘ಏಳದ ಹಸು’ ಆಗುತ್ತದೆ. ಬಾಲ ತಿರುಚುವುದು, ಹೊಟ್ಟೆಗೆ ಒದೆಯುವುದು ಶುರುವಾಗುವುದು ಆಗಲೇ. ತಪ್ಪು ನಮ್ಮದು, ಪೆಟ್ಟು ಅದಕ್ಕೆ.

ಕೆಚ್ಚಲು ಬಾವಿನದು ಇನ್ನೊಂದು ಬಗೆ. ಆಂಟಿಬಯೋಟಿಕ್ ಕೊಟ್ಟರೆ ಕೆಲವು ದಿನ ಆ ಹಾಲನ್ನು ಮಾರುವ ಹಾಗಿಲ್ಲ, ಚೆಲ್ಲಬೇಕು. ನಿಯಮ ಸರಿಯಾಗಿಯೇ ಇದೆ. ಆದರೆ ಅದೇ ಕಾರಣಕ್ಕೆ ಚಿಕಿತ್ಸೆ ಮುಂದೂಡುವವರಿದ್ದಾರೆ. ಕೊಟ್ಟರೂ ಸೋಂಕಿಗೆ ಮದ್ದು, ನೋವಿಗೆ ಇಲ್ಲ. ನೋವು ಲೀಟರಿನಲ್ಲಿ ಅಳೆಯಲು ಬರುವುದಿಲ್ಲವಲ್ಲ.

ಕೋಳಿಯ ವಿಷಯಕ್ಕೆ ಬಂದರೆ ‘ನಾಳೆ’ಯೂ ಇಲ್ಲ. ಐದಾರು ವಾರದಲ್ಲಿ ಎರಡು ಕೆಜಿ ದಾಟುವಂತೆ ತಳಿ ಮಾಡಿದ ಹಕ್ಕಿಯ ಕಾಲು ಸೋತರೆ ನೀರಿನ ನಳಿಕೆಯ ತನಕ ಹೋಗಲು ಆಗುವುದಿಲ್ಲ. ಸಾವಿರಾರು ಕೋಳಿಗಳ ಶೆಡ್ಡಿನಲ್ಲಿ ಒಂದಕ್ಕೆ ಯಾರೂ ಔಷಧಿ ಕೊಡುವುದಿಲ್ಲ. ನೂರಕ್ಕೆ ಇಷ್ಟು ಸಾಯುತ್ತವೆ ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ.

ಕಾನೂನು ಇಲ್ಲವೇ ಅಂದರೆ ಇದೆ. ಆದರೆ ಅದು ಎಚ್ಚರವಾಗುವ ರೀತಿ ನೋಡಿ. 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಕಸಾಯಿಖಾನೆಯಲ್ಲಿ ಏಳಲಾಗದ ಹಸುಗಳನ್ನು ಫೋರ್ಕ್‌ಲಿಫ್ಟಿನಿಂದ ತಳ್ಳುವ ಗುಪ್ತ ವಿಡಿಯೋ ಹೊರಬಿತ್ತು. ಸುಮಾರು 6.5 ಕೋಟಿ ಕೆಜಿ ಮಾಂಸವನ್ನು ವಾಪಸು ಕೇಳಿದರು. ಮರುವರ್ಷ, ಏಳಲಾಗದ ದೊಡ್ಡ ದನಗಳನ್ನು ಆಹಾರಕ್ಕಾಗಿ ಕಡಿಯುವುದನ್ನೇ ನಿಷೇಧಿಸಿದರು. ಒಳ್ಳೆಯದೇ ಆಯಿತು. ಆದರೆ ಅಷ್ಟು ಮಾಂಸವನ್ನು ವಾಪಸು ಕೇಳಿದ್ದು, ದನದ ಮಿದುಳು ಕೆಡಿಸಿ ಏಳಲಾಗದಂತೆ ಮಾಡುವ ಹುಚ್ಚು ಹಸು ರೋಗ ತಿನ್ನುವವರಿಗೂ ಅಂಟೀತು ಎಂಬ ಭಯ ಇದ್ದುದರಿಂದ. ಹಸುವಿನ ನೋವೊಂದೇ ಆಗಿದ್ದರೆ ಅಷ್ಟೆಲ್ಲ ಮಾಂಸವನ್ನು ವಾಪಸು ಕೇಳುತ್ತಿದ್ದರೇ? ನನಗೆ ಅನುಮಾನ.

1979ರಲ್ಲಿ ಬ್ರಿಟನ್ನಿನಲ್ಲಿ ಸಾಕುಪ್ರಾಣಿಗಳ ‘ಐದು ಸ್ವಾತಂತ್ರ್ಯ’ಗಳು ಅಂತ ರೂಪಿಸಿದರು. ನೋವು, ಗಾಯ, ರೋಗಗಳಿಂದ ಬಿಡುಗಡೆ ಅವುಗಳಲ್ಲೊಂದು. ಅದರ ವಿವರಣೆಯಲ್ಲಿ ರೋಗವನ್ನು ಬರದಂತೆ ತಡೆಯಬೇಕು, ಇಲ್ಲವೇ ಬೇಗ ಗುರುತಿಸಿ ಚಿಕಿತ್ಸೆ ಕೊಡಬೇಕು ಅಂತಿದೆ. ಆ ‘ಬೇಗ’ ಅನ್ನುವ ಮಾತು ಬರೆದವರು ಕೊಟ್ಟಿಗೆ ಕಂಡವರೇ ಇರಬೇಕು.

ಸಾಲ ಮಾಡಿ ಒಂದೆರಡು ಹಸು ಕಟ್ಟಿದವನ ಕಷ್ಟ ನನಗೆ ಗೊತ್ತು. ಡಾಕ್ಟರ ಬಿಲ್ಲು ಹಸುವಿನ ಬೆಲೆಯನ್ನೇ ಮೀರಿದಾಗ ಅವನು ಏನು ಮಾಡಬೇಕು? ಅವನನ್ನು ಬೈಯಲು ಬಾಯಿ ಬರುವುದಿಲ್ಲ. ಆದರೆ ವಾಸಿಯಾಗದ ಪ್ರಾಣಿಗೆ ನೋವಿಲ್ಲದ ಸಾವನ್ನಾದರೂ ಕೊಡಿಸದೆ, ಚಿಕಿತ್ಸೆಯನ್ನೂ ಕೊಡಿಸದೆ, ಅದಾಗೇ ಸಾಯಲಿ ಅಂತ ಮೂಲೆಗೆ ಬಿಡುವುದನ್ನು ಬಡತನದ ತಲೆಗೆ ಕಟ್ಟಬೇಡಿ. ದೊಡ್ಡ ದೊಡ್ಡ ಫಾರ್ಮುಗಳಲ್ಲೂ ನಡೆಯುವುದು ಅದೇ.

ಅಂಥ ಒಂದು ಕಡೆ ಬಿದ್ದ ಹಸುವನ್ನು ನೋಡಿದ್ದೆ. ಎರಡು ದಿನದಿಂದ ಹಾಗೇ ಇದೆ ಅಂದರು. ಪಕ್ಕದಲ್ಲಿ ಬಕೆಟ್ ತುಂಬ ನೀರು, ಮೂತಿಯಿಂದ ಒಂದು ಮಾರು ದೂರ. ಏನ್ರೀ ಇದು ಅಂದೆ. ನೋಡಿಕೊಳ್ಳುತ್ತಿದ್ದವನು ನಿಜವಾಗಿಯೂ ಅರ್ಥವಾಗದೆ ನನ್ನ ಮುಖ ನೋಡಿದ.

“ನೀರು ಇಟ್ಟಿದ್ದೀನಲ್ಲ ಸಾರ್.”