ಮಾಮಾ ಎಣಿಸಿದ ಗುಂಡು

ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟಿದ ಮೇಲೆ ಯಾವ ಸಿನಿಮಾ ಅಂತ ಯಾರೂ ಕೇಳುವುದಿಲ್ಲ. ಎಸಿ ನಡದದೋ ಇಲ್ಲೋ ಅಂತ ಕೇಳುತ್ತಾರೆ. ಹಾಗೆ ಕೇಳಿಕೊಂಡೇ ಏಪ್ರಿಲಿನ ಒಂದು ಮಧ್ಯಾಹ್ನ ನಮ್ಮ ಸ್ವಾದರಮಾವನನ್ನು ಥೇಟರಿಗೆ ಕರಕೊಂಡು ಹೋದೆ. ಅವ್ವನ ತಮ್ಮ, ಮೇಲಾಗಿ ಅವರ ಮಗಳನ್ನೇ ನನಗೆ ಕೊಟ್ಟಿದ್ದಾರೆ. ಹೀಗಾಗಿ ಎರಡೂ ಕಡೆಯಿಂದ ಮಾಮಾ, ತಪ್ಪಿಸಿಕೊಳ್ಳಲು ಒಂದು ಕಡೆಯಿಂದಲೂ ದಾರಿಯಿಲ್ಲ.

ಮಾಮಾ ಪೊಲೀಸ್ ದಫೇದಾರರಾಗಿ ರಿಟೈರ್ ಆದವರು. ಆದರೆ ಕಳ್ಳರನ್ನು ಹಿಡಿದದ್ದು ಕಮ್ಮಿ. ನೌಕರಿಯ ಬಹುಪಾಲು ಬಂದೂಕುಗಳಿಗೆ ಎಣ್ಣೆ ಹಚ್ಚುವುದು, ಒರೆಸುವುದು, ಎಣಿಸಿ ಕೊಡುವುದು, ಎಣಿಸಿ ವಾಪಸ್ ಇಸಕೊಳ್ಳುವುದರಲ್ಲೇ ಮುಗಿದಿದೆ. ಗುಂಡು ಹೊಡೆಯುವ ತಾಲೀಮಿನ ದಿನ ಒಂದು ಖಾಲಿ ಕಾಡತೂಸು ಕಮ್ಮಿ ಬಿದ್ದರೆ ಸಂಜೆತನಕ ಮಣ್ಣಲ್ಲಿ ಹುಡುಕಬೇಕಿತ್ತಂತೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕರಕೊಂಡು ಹೋದೆ.

ಸಿನಿಮಾ ಗಂಭೀರದ್ದು. ಇಬ್ಬರು ಅಣ್ಣತಮ್ಮಂದಿರು, ಒಂದು ಹೊಲ, ಒಬ್ಬ ತಾಯಿ. ಶುರುವಾಗುತ್ತಲೇ ಪರದೆ ಮೇಲೆ ‘ಭೀಮಾ ತೀರ’ ಅಂತ ಬಂತು. ಈ ಎರಡು ಶಬ್ದ ಕೇಳಿದರೆ ಸಾಕು, ಸಿನಿಮಾದವರ ಕೈಗೆ ತಾನಾಗಿ ಪಿಸ್ತೂಲು ಬಂದುಬಿಡುತ್ತದೆ. ಅಫಜಲಪುರದ ಕಡೆ ಅದೇ ನದಿಯ ದಂಡೆಯಲ್ಲಿ ಜನ ಕಬ್ಬು ಬೆಳೆಯುತ್ತಾರೆ, ತೊಗರಿ ರಾಶಿ ಮಾಡುತ್ತಾರೆ, ಪಂಪಿನ ಮೋಟರ್ ಸುಟ್ಟರೆ ಕರೆಂಟಿನವರಿಗೆ ಹಿಡಿಶಾಪ ಹಾಕುತ್ತಾರೆ. ಅದನ್ನು ಯಾರೂ ಸಿನಿಮಾ ತೆಗೆಯುವುದಿಲ್ಲ. ಇರಲಿ.

ಇಪ್ಪತ್ತು ನಿಮಿಷ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ತಮ್ಮ ಟ್ರಂಕಿನಿಂದ ರಿವಾಲ್ವರ್ ತೆಗೆದ.

“ಬೆರಳ್ ತಗಿ” ಅಂದರು ಮಾಮಾ.

“ಏನ್ ಮಾಮಾ?”

“ನಿನಗಲ್ಲ, ಅಂವಗ ಹೇಳ್ಲಾಕತ್ತೀನಿ. ಕುದುರಿ ಮ್ಯಾಲ ಬೆರಳಿಟಗೊಂಡು ಮನಿತುಂಬ ಅಡ್ಡಾಡ್ಲಾಕತ್ತಾನ. ಹೊಸ್ತಿಲ ಎಡವಿದ್ರ ಅವ್ವ ಖಲಾಸ್.”

“ಕುದುರಿ ಯಾವಾಗ ಬಂತs?” ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಪಕ್ಕದವಳನ್ನು ಕೇಳಿದಳು.

ಮಾಮಾನ ಭಾಷೆಯಲ್ಲಿ ಟ್ರಿಗರಿಗೆ ಕುದುರೆ. ಹೊಡೆಯುವ ತನಕ ಬೆರಳು ಕುದುರೆಯ ಹೊರಗಿರಬೇಕು ಅನ್ನುವುದು ಅವರ ಪಾಲಿಗೆ ವಚನವಿದ್ದಂತೆ. ನನ್ನ ಏಳು ವರ್ಷದ ಮಗನಿಗೆ ಟಿಕಳಿ ಪಿಸ್ತೂಲು ಕೊಡಿಸಿದ ದಿನ, ಈ ಪಾಠ ಒಪ್ಪಿಸಿದ ಮೇಲೇ ಅವನ ಕೈಗೆ ಅದನ್ನು ಕೊಟ್ಟಿದ್ದು.

ಸ್ವಲ್ಪ ಹೊತ್ತಿಗೆ ಬಾಡಿಗೆ ಕೊಲೆಗಡುಕನೊಬ್ಬ ಬಂದು ರಿವಾಲ್ವರಿನ ಮೂತಿಗೆ ಸೈಲೆನ್ಸರ್ ತಿರುವಿದ. ‘ಫುಸ್’ ಅಂತು. ಮಾಮಾ ಹಣೆ ಬಡಕೊಂಡರು. ತಿರುಗುವ ಚೇಂಬರಿಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದಂತೆ. ಸಪ್ಪಳ ಅಲ್ಲಿಂದಲೇ ಹಾರುತ್ತದಂತೆ. “ಕುಕ್ಕರಿನ ಸೀಟಿಗೆ ಅರಬಿ ತುರುಕಿ ಮುಚ್ಚಳಾ ತಗದಂಗ ಆತು ಇದು!”

ಮುಂದಿನ ಸಾಲಿನ ಹುಡುಗ ಪಾಪ್‌ಕಾರ್ನ್ ಬಿಟ್ಟು ಹೊರಳಿ ಕುಂತ. “ಕಾಕಾ, ಮತ್ತ ಪಿಸ್ತೂಲಿಗಿ?”

“ಪಿಸ್ತೂಲಿಗಿ ನಡೀತದ. ಆದ್ರ ಹಿಂಗ ಫುಸ್ ಅನ್ನಂಗಿಲ್ಲ. ಕಿವಿ ಉಳೀತಾವ, ಅಷ್ಟ.”

ಇಂಟರ್ವಲ್ ಹೊತ್ತಿಗೆ ಆ ಹುಡುಗನ ಗೆಳೆಯರೂ ಸೇರಿ ಆರು ಜನ ಶಿಷ್ಯರಾಗಿದ್ದರು. ಮಾಮಾ ಸಮೋಸಾ ಹಿಡಿದು ಪಾಯಿಂಟ್ 303 ರೈಫಲಿನ ಪುರಾಣ ಹೇಳುತ್ತಿದ್ದರು: ಹತ್ತಿರತ್ತಿರ ನಾಲ್ಕು ಕಿಲೋ ತೂಕ, ಮ್ಯಾಗಜಿನ್ನಿಗೆ 10 ಗುಂಡು, ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕು. “ನಿಮ್ಮ ಹೀರೋ ಬೈಕ್ ಹೊಡಕೋತ ಒಂದ ಕೈಲೆ ಹೊಡೆದನಲ್ಲ, ಬೋಲ್ಟ್ ಏನ್ ಹಲ್ಲೀಲೆ ಎಳದನೇನು?”

ಮಾಮಾ ಹೇಳಿದ್ದರಲ್ಲಿ ನನ್ನ ತಲೆಯೊಳಗೆ ಕುಂತದ್ದು ಮಾತ್ರ ಬೇರೆ. ಮುಚ್ಚಿದ ಕೋಣೆಯಲ್ಲಿ ಒಂದು ಗುಂಡು ಹಾರಿದರೂ ಕಿವಿ ಗುಂಯ್ ಅನ್ನುತ್ತವೆ, ಸುಮಾರು ಹೊತ್ತು ಏನೂ ನೆಟ್ಟಗೆ ಕೇಳುವುದಿಲ್ಲ. ಸಿನಿಮಾದಲ್ಲಿ ಅಣ್ಣತಮ್ಮಂದಿರು ಪಡಸಾಲೆಯಲ್ಲಿ ಐದು ಗುಂಡು ಹಾರಿಸಿ, ಮರುಗಳಿಗೆಗೇ ಪಿಸುಮಾತಿನಲ್ಲಿ ಹಳೆಯದನ್ನೆಲ್ಲ ನೆನೆದು ಅಳುತ್ತಾರೆ. ಖರೇ ಅಂದರೆ “ಆಂ? ಏನಂದಿ?” “ಜೋರ್ ಅನ್ನಲೇ!” ಅಂತ ಒದರಾಡಬೇಕಿತ್ತು. ಒಮ್ಮೆ ಹೀಗೆ ಹೊಳೆದ ಮೇಲೆ ಅಳು ಎಲ್ಲಿಂದ ಬರಬೇಕು?

ಕ್ಲೈಮ್ಯಾಕ್ಸಿನಲ್ಲಿ ತಮ್ಮ ಅದೇ ರಿವಾಲ್ವರ್ ಹಿಡಿದು ಕಣಕ್ಕೆ ಇಳಿದ. ಮಾಮಾ ಮೆಲ್ಲಗೆ ಎಣಿಸತೊಡಗಿದರು. ಐದು. ಆರು. “ಈಗ ಗುಂಡು ತುಂಬತಾನ ನೋಡು” ಅಂತ ಸೀಟಿಗೆ ಒರಗಿದರು. ಅಂವ ತುಂಬಲಿಲ್ಲ. ಢಂ!

“ಏಳು!” ಅಂದ ಮುಂದಿನ ಹುಡುಗ.

“ಎಂಟು!” ಆರೂ ಜನ ಶಿಷ್ಯರು. ಒಂಬತ್ತಕ್ಕೆ ಬಾಲ್ಕನಿ ಸೇರಿತು. ಹತ್ತು, ಹನ್ನೊಂದು ಅಂತ ಇಡೀ ಥೇಟರು ಹರಾಜಿನವರಂತೆ ಕೂಗತೊಡಗಿತು. ನನಗೂ ಹುರುಪು ಏರಿತು. ಇಷ್ಟರಲ್ಲಿ ತಾಯಿ ಅಡ್ಡ ಬಂದಳು, ಗುಂಡು ಅವಳಿಗೇ ಬಿತ್ತು. ಎಲ್ಲರೂ ಗಪ್ಪಾದರು. ಆ ಮೌನದಲ್ಲಿ ಒಂದೇ ಒಂದು ಗಂಟಲು ಖಣಖಣ ಅಂತು:

“ಹದಿನಾಲ್ಕು!”

ಗಂಟಲು ನನ್ನದು.

“ಅವ್ವ ಸಾಯ್ಲಾಕತ್ಯಾಳ, ನಿಮ್ಮದೇನ್ರಿ ಲೆಕ್ಕ? ಹೊಟ್ಟಿಗಿ ಏನ್ ತಿಂತೀರಿ?” ಹಿಂದಿನ ಸಾಲಿನ ಹೆಣ್ಣುಮಗಳು ಸೆರಗಿನಲ್ಲಿ ಮೂಗು ಒರೆಸುತ್ತ ಎದ್ದೇ ನಿಂತಳು. ಟಾರ್ಚಿನವನು ಓಡಿ ಬಂದು ಬೆಳಕನ್ನು ನೇರ ನನ್ನ ಮುಖಕ್ಕೆ ಬಿಟ್ಟ. ಪಕ್ಕಕ್ಕೆ ನೋಡಿದೆ. ಮಾಮಾ ಕೈಕಟ್ಟಿಕೊಂಡು, ಮಠದಲ್ಲಿ ಪ್ರವಚನ ಕೇಳುವವರಂತೆ ಪರದೆಯನ್ನೇ ನೋಡುತ್ತಿದ್ದರು. ಈ ಮನುಷ್ಯ ಯಾರೋ ತಮಗೆ ಗೊತ್ತೇ ಇಲ್ಲ ಅನ್ನುವ ಹಾಗೆ.

ಉಳಿದ ಇಪ್ಪತ್ತು ನಿಮಿಷ ನಾನು ಹೊರಗೆ ಪಾರ್ಕಿಂಗಿನ ಬೇವಿನ ಗಿಡದ ಕೆಳಗೆ ನಿಂತೆ. ಮಾಮಾ ಎಸಿಯಲ್ಲಿ ಕುಂತು ಸಿನಿಮಾ ಮುಗಿಸಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ಅತ್ತಿದ್ದರು.

“ಕಡೀಗಿ ಏನಾತು ಮಾಮಾ?”

“ಹತ್ತೊಂಬತ್ತು” ಅಂದರು.

ಆಟೋದಲ್ಲಿ ನಾನು ಮಾತಾಡಲಿಲ್ಲ. ಕೋಟೆ ಹತ್ತಿರ ಬಂದಾಗ ಮಾಮಾ ತಾವೇ ಶುರುಮಾಡಿದರು: “ಒಳಗ ಬಹಮನಿಯವರ ಬಾರಾ ಗಜ್ ತೋಪ್ ಅದಲ್ಲ, 29 ಅಡಿದು, ಮುಂದಿನ ಸಿನಿಮಾದಾಗ ಅದನೂ ಒಂದ ಕೈಲೆ ಎತ್ತತಾರ ನೋಡು.” ನನಗೆ ನಗು ಬಂತು, ಆದರೆ ಸಿಟ್ಟು ಇಳಿದಿರಲಿಲ್ಲ. “ಮಾಮಾ, ಹೋಳಿ ಆದಮ್ಯಾಲ ಶರಣಬಸಪ್ಪನ ಜಾತ್ರ್ಯಾಗ ಬಲೂನ್ ಹೊಡಿಲಾಕ ಹೋಗಿದ್ರಿ. ಹತ್ತಕ್ಕ ಒಂದರ ಒಡೀತೇನು?” ಅಂದೆ. ಅವತ್ತು ಪಕ್ಕದಲ್ಲಿ ನಿಂತ ಕಾಲೇಜು ಹುಡುಗಿ, ಒಂದು ಕೈಯಲ್ಲಿ ಕಬ್ಬಿನಹಾಲಿನ ಗ್ಲಾಸು ಹಿಡಿದುಕೊಂಡೇ ಎಂಟು ಬಲೂನು ಒಡೆದಿದ್ದಳು.

ಮಾಮಾ ತುಟಿ ಬಿಚ್ಚಲಿಲ್ಲ. ಮನೆ ಮುಂದೆ ಇಳಿದು, ಆಟೋದವನಿಗೆ ರೊಕ್ಕ ಎಣಿಸಿ ಕೊಟ್ಟ ಮೇಲೆ ಅಂದರು: “ಆ ಬಂದೂಕಿಂದು ಮುಂದಿನ ಗುರಿ ಮೊಳಿ ಡೊಂಕಿತ್ತು.”

ಬಾಗಿಲು ತೆಗೆದರೆ ಎದುರಿಗೇ ನನ್ನ ಮಗ, ಟಿಕಳಿ ಪಿಸ್ತೂಲು ಹಿಡಿದು ನಿಂತಿದ್ದಾನೆ. “ಮುತ್ಯಾ, ಹ್ಯಾಂಡ್ಸ್ ಅಪ್!”

ಮಾಮಾನಿಗೆ ಏನಾಯಿತೋ, ಸಿನಿಮಾದ ಗುಂಗೋ, ಬಿಸಿಲಿನ ಝಳವೋ. ಎರಡೂ ಕೈ ಎದೆಗೊತ್ತಿಕೊಂಡು “ಆಹ್!” ಅಂದರು. ಮೂರು ಹೆಜ್ಜೆ ಹಿಂದೆ ಸರಿದರು, ಗೋಡೆಗೆ ಬಡಿದರು, ಅಲ್ಲಿಂದ ತಿರುಗಿ ಮಂಚದ ತನಕ ತೂರಾಡಿದರು. ದಾರಿಯಲ್ಲಿ ಕಡಕ್ ರೊಟ್ಟಿಯ ಬುಟ್ಟಿ ಉರುಳಿ, ರೊಟ್ಟಿ ಚೂರುಚೂರಾಗಿ ಮನೆತುಂಬ ಹರಡಿದವು. ಮಂಚದ ಮೇಲೆ ಅಂಗಾತ ಬಿದ್ದು, “ಹೊಲಾ... ಇಬ್ಬರೂ... ಸರಿಪಾಲ ಹಂಚಕೊಳ್ರಿ...” ಅಂತ ನಿಧಾನಕ್ಕೆ ಕೈ ಇಳಿಬಿಟ್ಟು, ಕಣ್ಣು ಮುಚ್ಚಿದರು. ಅಡುಗೆಮನೆಯಿಂದ ಓಡಿಬಂದ ನನ್ನ ಹೆಂಡತಿ ಮೊದಲು ಅಪ್ಪನನ್ನು ನೋಡಿದಳು, ಆಮೇಲೆ ರೊಟ್ಟಿ ನೋಡಿದಳು, ಆಮೇಲೆ ನನ್ನನ್ನು.

ಮಗ ಮಂಚದ ಹತ್ತಿರ ಹೋಗಿ, ಪಿಸ್ತೂಲಿನ ಮೂತಿ ನೆಲಕ್ಕೆ ಮಾಡಿ ಹಿಡಿದು, ಅಜ್ಜನ ಭುಜ ಅಲುಗಾಡಿಸಿದ.

“ಮುತ್ಯಾ, ಏಳು. ನಾ ಇನ್ನಾ ಹೊಡದೇ ಇಲ್ಲ. ಬೆರಳ್ ಹೊರಗs ಅದ ನೋಡು.”